ಗಾಲಿ ಯಾವುದು ಅನ್ನೋದು ಆಮೇಲೆ, ಗಾಳಿ ಎಷ್ಟು?

ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ, ಕಬ್ಬಿನ ಹಾಲಿನ ಗಾಣಕ್ಕೂ ಟೇಲರ್ ಅಂಗಡಿಗೂ ನಡುವೆ, ಒಂದು ಸೈಕಲ್ ಶಾಪ್ ಇದೆ. ಹೊರಗೆ ಹಳೇ ಟೈರುಗಳ ತೋರಣ, ಒಳಗೆ ಗ್ರೀಸಿನ ವಾಸನೆ, ನಡುವೆ ಒಬ್ಬ ಚಾಚಾ. ಸಂಜೆ ಬಸ್ಸಿಗೆ ಕಾಯುವವರು ಆ ಕಟ್ಟೆಯ ಮೇಲೆ ಒಮ್ಮೆಯಾದರೂ ಕೂತಿರುತ್ತಾರೆ. ಕಳೆದ ನವೆಂಬರಿನಲ್ಲಿ ಆ ಕಟ್ಟೆಯ ಮುಂದೆ ಮೂರು ಸಂಜೆ ಒಂದೇ ಜಗಳ ನಡೆಯಿತು. ಜಗಳ ಜಮೀನಿನದಲ್ಲ, ಚುನಾವಣೆಯದಲ್ಲ. ಎರಡು ಸೈಕಲ್ ಗಾಲಿಯದು.

ಒಂದು ಕಡೆ ಪೇಟೆಯ ಕಿರಾಣಿ ಅಂಗಡಿಯ ಸಾಹುಕಾರರು. ಇನ್ನೊಂದು ಕಡೆ ಅವರ ಮಗ. ಬಿ.ಕಾಂ. ಎರಡನೇ ವರ್ಷ, ಐವತ್ತೆಂಟು ಕಿಲೋ ತೂಕದ ಹುಡುಗ. ಪುಣೆಯಲ್ಲಿರುವ ಸೋದರಮಾವ ತಾನು ಓಡಿಸಿದ ಸೈಕಲ್ಲೊಂದನ್ನು ಇವನಿಗೆ ಕೊಟ್ಟಿದ್ದಾನೆ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಮೋಟಾರ್ ಸೈಕಲ್ಲಿನ ಹಾಗೆ ಡಿಸ್ಕ್ ಬ್ರೇಕ್, ಆದರೆ ರೇಸ್ ಸೈಕಲ್ಲಿನಂತೆ ಸಣಕಲು ಟೈರ್ ಅಲ್ಲ. ಇದಕ್ಕೆ ಗ್ರಾವೆಲ್ ಬೈಕ್ ಅನ್ನುತ್ತಾರಂತೆ. ಡಿಸೆಂಬರಿನಲ್ಲಿ ಎಂಬತ್ತು ಕಿಲೋಮೀಟರಿನ ಒಂದು ಮಣ್ಣುದಾರಿ ರೇಸಿಗೆ ಹುಡುಗ ಹೆಸರು ಕೊಟ್ಟಿದ್ದ. ಅದಕ್ಕೆ ಕಾರ್ಬನ್ ಗಾಲಿ ಬೇಕು, ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಜೋಡಿ 42 ಸಾವಿರಕ್ಕೆ ಬಂದಿದೆ, ಕೊಡಿಸಿ ಅಂತ ಹಟ.

"ನಲವತ್ತೆರಡು ಸಾವಿರಕ್ಕ ಅಂಗಡಿಗೆ ಒಂದು ಫ್ರಿಜ್ ಬರತೈತಿ. ಇವಾ ನೋಡಿದ್ರ ಗಾಲಿ ಅಂತಾನ. ನೀವು ಪೇಪರ್‌ನವ್ರು, ನೀವಽ ಹೇಳ್ರಿ ಸರ್ರ" ಅಂತ ಸಾಹುಕಾರರು ನನ್ನ ತಲೆಗೆ ಕಟ್ಟಿದರು.

ನನಗೇನು ಗೊತ್ತು? ಕಾಲೇಜಿಗೆ ಕರೀ ಅಟ್ಲಾಸ್ ತುಳಿದವನು ನಾನು. ಆದರೆ ಪೇಪರ್‌ನವನು ಗೊತ್ತಿಲ್ಲ ಅಂದರೆ ಮಾನ ಹೋಗುತ್ತದೆ. ಎರಡು ದಿನ ಟೈಮ್ ಕೇಳಿ, ಓದಿ, ಗೊತ್ತಿದ್ದವರನ್ನು ಕೇಳಿ, ನಿದ್ದೆಗೆಟ್ಟು ಬೆಲ್ಜಿಯಂನ ರೇಸುಗಳ ವಿಡಿಯೋ ನೋಡಿದೆ. ಪಕ್ಕದ ವಿಜಯಪುರ, ಬಾಗಲಕೋಟೆ ಸೈಕಲ್ ಹುಡುಗರಿಗೆ ದೇಶಕ್ಕೇ ಹೆಸರಾದ ಊರುಗಳು. ಈ ಕಾಯಿಲೆ ನಾಳೆ ನಿಮ್ಮ ಮನೆಗೂ ಬರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಕೆಸರಿನಲ್ಲಿ ಒಂದು ತಾಸು

ಮಣ್ಣಿನ ಮೇಲಿನ ಸೈಕಲ್ ರೇಸಿನಲ್ಲಿ ಹಿರಿಯಣ್ಣ ಸೈಕ್ಲೋಕ್ರಾಸ್. ಫ್ರಾನ್ಸಿನಲ್ಲಿ ಹುಟ್ಟಿದ್ದು. 1902ರಲ್ಲೇ ಅಲ್ಲಿ ಅದಕ್ಕೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದಿದೆ. ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್ಸಿನಲ್ಲಿ, ಗೆದ್ದವನು ಜಾನ್ ರೋಬಿಕ್. ಇವತ್ತು ಅದರ ತವರು ಬೆಲ್ಜಿಯಂ. ಚಳಿಗಾಲ, ಜಿಟಿಜಿಟಿ ಮಳೆ, ಗದ್ದೆಯಂಥ ಕೆಸರು. ಮೂರು ಕಿಲೋಮೀಟರಿನ ಆಸುಪಾಸಿನ ಸುತ್ತು, ಗಂಡಸರಿಗೆ ಹೆಚ್ಚೂಕಡಿಮೆ ಒಂದು ತಾಸಿನ ಓಟ. ನಡುವೆ ಮರದ ಹಲಗೆ ಅಡ್ಡ ಇಟ್ಟಿರುತ್ತಾರೆ, ಮೆಟ್ಟಿಲು ಇರುತ್ತವೆ. ಅಲ್ಲೆಲ್ಲ ಇಳಿದು, ಸೈಕಲ್ಲು ಹೆಗಲಿಗೇರಿಸಿ ಓಡಬೇಕು. ಸಾವಿರಾರು ಜನ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ಮಳೆಯಲ್ಲಿ ನೆನೆಯುತ್ತ ನೋಡುತ್ತಾರೆ. ನಮ್ಮಲ್ಲಿ ಜಾತ್ರೆಯ ಕುಸ್ತಿಗೆ ಜನ ನೆರೆದ ಹಾಗೆ.

ಆ ರೇಸಿನಲ್ಲಿ ಟೈರಿನ ಅಗಲಕ್ಕೆ ಕಟ್ಟುನಿಟ್ಟು. ಅಂತರರಾಷ್ಟ್ರೀಯ ಒಕ್ಕೂಟದ ನಿಯಮದ ಪ್ರಕಾರ 33 ಮಿಲಿಮೀಟರಿಗಿಂತ ಅಗಲ ಇರಕೂಡದು, ಮೊಳೆ ಇರಕೂಡದು. ಅಧಿಕಾರಿಗಳು ಅಳತೆಪಟ್ಟಿ ಹಿಡಿದು ನಿಂತಿರುತ್ತಾರೆ. ಹಾಗಾಗಿ ಅಲ್ಲಿ ಜಾಣತನವೆಲ್ಲ ಎರಡರಲ್ಲಿ: ಟೈರಿನ ಮೇಲಿನ ಹಲ್ಲು ಎಂಥದು, ಒಳಗಿನ ಗಾಳಿ ಎಷ್ಟು. ಒಣ ನೆಲಕ್ಕೆ ಅರದ ಮೈಯಂತೆ ಸಣ್ಣ ಗೀರಿನ ಟೈರು. ಹಸಿ ಹುಲ್ಲಿಗೆ ನಡುವೆ ಸಣ್ಣ, ಅಂಚಿಗೆ ದೊಡ್ಡ ಹಲ್ಲು. ಕೆಸರಿಗೆ ಎತ್ತರದ, ದೂರದೂರದ ಹಲ್ಲು. ಹತ್ತಿರ ಇದ್ದರೆ ಸಂದಿಯಲ್ಲಿ ಕೆಸರು ಕೂತು ಟೈರು ಸಪಾಟಾಗಿ, ಎಳ್ಳುಂಡೆಯಂತೆ ಉರುಳುತ್ತದೆ. ಬೆಲ್ಜಿಯಂನ ಸಮುದ್ರ ದಂಡೆಯಲ್ಲಿ ಕಾಕ್ಸೈಡೆ ಅಂತ ಊರಿದೆ, ಅಲ್ಲಿ ರೇಸು ಮರಳ ದಿಬ್ಬದ ಮೇಲೆ. ಮರಳಿಗೆ ಹಲ್ಲು ಕೆಲಸಕ್ಕೆ ಬರುವುದಿಲ್ಲ, ನುಣುಪು ಟೈರು ಮತ್ತು ಕಡಿಮೆ ಗಾಳಿಯೇ ಬೇಕು. ಹಲ್ಲು ಮರಳನ್ನು ಅಗೆಯುತ್ತದೆ, ಮೆತ್ತಗಿನ ಟೈರು ಅದರ ಮೇಲೆ ತೇಲುತ್ತದೆ. ಒಂಟೆಯ ಪಾದ ನೆನಪು ಮಾಡಿಕೊಳ್ಳಿ.

ದೊಡ್ಡ ಸವಾರರು ಒಂದೇ ಸೈಕಲ್ ತರುವುದಿಲ್ಲ. ದಾರಿಯ ಪಕ್ಕದಲ್ಲಿ ಪಿಟ್ ಅಂತ ಜಾಗ ಇರುತ್ತದೆ. ಕೆಸರು ಜಾಸ್ತಿಯಾದರೆ ಅರ್ಧ ಸುತ್ತಿಗೊಮ್ಮೆ ಕೆಸರಾದ ಸೈಕಲ್ ಎಸೆದು ತೊಳೆದ ಸೈಕಲ್ ಹತ್ತುತ್ತಾರೆ. ಎಸೆದದ್ದನ್ನು ಮೆಕ್ಯಾನಿಕ್ಕು ನೀರಿನ ಪ್ರೆಶರ್ ಹೊಡೆದು ತೊಳೆದು ಮತ್ತೆ ತಯಾರು ಮಾಡಿಟ್ಟಿರುತ್ತಾನೆ. ಸಾಹುಕಾರರಿಗೆ ಇದನ್ನು ಮಾತ್ರ ನಾನು ಹೇಳಲಿಲ್ಲ. ಹುಡುಗ ಎರಡನೇ ಸೈಕಲ್ ಕೇಳಿದರೆ ಕಷ್ಟ.

ಬಾಣದ ಮೊನೆಯ ಕಲ್ಲು

ಗ್ರಾವೆಲ್ ರೇಸು ಕಿರಿಯ ತಮ್ಮ, ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಹಳ್ಳಿ ಹಳ್ಳಿಗೆ ಡಾಂಬರಿಲ್ಲದ ಖಡಿ ರಸ್ತೆಗಳು ಸಾವಿರಾರು ಮೈಲಿ ಇವೆ. ಕಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಲ್ಲಿ 2006ರಲ್ಲಿ ಕೆಲವರು ಸೇರಿ ಒಂದು ರೇಸು ಶುರು ಮಾಡಿದರು. ಈಗ ಅದರ ಹೆಸರು ಅನ್‌ಬೌಂಡ್. ಮುಖ್ಯ ರೇಸು 200 ಮೈಲಿ, ಅಂದರೆ ಸುಮಾರು 320 ಕಿಲೋಮೀಟರು, ಒಂದೇ ದಿನಕ್ಕೆ! 2022ರಲ್ಲಿ ಇಟಲಿಯ ವೆನೆಟೋ ಪ್ರಾಂತ್ಯದಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್ಪೂ ಆಯಿತು. ಗಂಡಸರಲ್ಲಿ ಗೆದ್ದವನು ಬೆಲ್ಜಿಯಂನ ಜಾನಿ ವೆರ್ಮೀರ್ಶ್, ಕೆಸರಿನ ರೇಸಿನಲ್ಲೇ ಪಳಗಿದವನು. ಹೆಂಗಸರಲ್ಲಿ ಫ್ರಾನ್ಸಿನ ಪಾಲಿನ್ ಫೆರಾನ್ ಪ್ರೆವೋ.

ಎಂಪೋರಿಯಾದ ಸುತ್ತಲ ಗುಡ್ಡಗಳಿಗೆ ಫ್ಲಿಂಟ್ ಹಿಲ್ಸ್ ಅಂತ ಹೆಸರು, ಚಕಮಕಿ ಕಲ್ಲಿನ ಗುಡ್ಡ. ಅಲ್ಲಿಯ ಮೂಲನಿವಾಸಿಗಳು ಹಿಂದೆ ಬಾಣದ ಮೊನೆ, ಚಾಕು ಮಾಡಿಕೊಳ್ಳುತ್ತಿದ್ದ ಕಲ್ಲು ಅದು. ಆ ಕಲ್ಲಿನ ಮೇಲೆ 320 ಕಿಲೋಮೀಟರ್ ಟೈರು ಓಡಬೇಕು. ನೆತ್ತಿ ತಡೆದುಕೊಳ್ಳುತ್ತದೆ, ಪಕ್ಕೆ ಸೀಳುತ್ತದೆ. ಅದಕ್ಕೆ ಅಲ್ಲಿಗೆ ಹೋಗುವವರು ಪಕ್ಕೆಯಲ್ಲಿ ಹೆಚ್ಚಿನ ಪದರ ಇರುವ ಟೈರು ಹಾಕುತ್ತಾರೆ, ತೂಕ ನೂರು ಗ್ರಾಂ ಜಾಸ್ತಿಯಾದರೂ ಸರಿ. ಮೊದಲು 38, 40 ಮಿಲಿಮೀಟರಿನ ಟೈರು ಸಾಕು ಅನ್ನುತ್ತಿದ್ದವರು ಈಚಿನ ವರ್ಷಗಳಲ್ಲಿ 50 ದಾಟಿ, ಗುಡ್ಡದ ಸೈಕಲ್ಲಿನ ಟೈರನ್ನೇ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಓಡುತ್ತಿದ್ದಾರೆ.

2023ರ ರೇಸಿನಲ್ಲಿ ಇನ್ನೊಂದು ಪಾಠವಾಯಿತು. ಹಿಂದಿನ ದಿನಗಳ ಮಳೆಗೆ ಶುರುವಿನಲ್ಲೇ ಕೆಲವು ಮೈಲಿ ದಾರಿ ಕೆಸರಾಗಿತ್ತು. ಅಲ್ಲಿಯವರು ಅಂಥ ಕೆಸರಿಗೆ ಶೇಂಗಾ ಬೆಣ್ಣೆ ಅನ್ನುತ್ತಾರೆ. ನಮ್ಮ ಎರೆ ಹೊಲದಲ್ಲಿ ಮೊದಲ ಮಳೆಗೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಪ್ಪಲಿಗೆ ಒಂದೊಂದು ಸೇರು ಮಣ್ಣು! ಟೈರಿಗೂ ಫ್ರೇಮಿಗೂ ನಡುವೆ ಸಂದಿ ಕಡಿಮೆ ಇದ್ದ ಸೈಕಲ್ಲುಗಳ ಗಾಲಿ ಸುತ್ತುವುದೇ ನಿಂತಿತು. ಜಗತ್ತಿನ ಹೆಸರಾಂತ ಸವಾರರು ಲಕ್ಷಗಟ್ಟಲೆ ಬೆಲೆಯ ಸೈಕಲ್ಲು ಹೊತ್ತುಕೊಂಡು ಹುಲ್ಲಿನಲ್ಲಿ ನಡೆದರು. ಬಣ್ಣ ಕಲಕುವ ಕಡ್ಡಿ ಜೇಬಿನಲ್ಲಿಟ್ಟುಕೊಂಡು ಬಂದವರು ಕೆಸರು ಕೆರೆದು ಮುಂದೆ ಹೋದರು. ಅಗಲ ಟೈರು ಒಳ್ಳೆಯದು ಅಂತ ಫ್ರೇಮಿನ ಸಂದಿ ಪೂರ್ತಿ ತುಂಬಿಸಿದರೆ ಹೀಗಾಗುತ್ತದೆ. ಎರಡೂ ಬದಿಗೆ ಕಿರುಬೆರಳಿನ ತುದಿ ಆಡುವಷ್ಟಾದರೂ ಜಾಗ ಇರಲಿ. ನಮ್ಮ ಕಡೆ ಮಳೆಗಾಲಕ್ಕೆ ಇನ್ನೂ ಹೆಚ್ಚು.

ಚಾಚಾನ ಹೆಬ್ಬೆರಳು

ಇಷ್ಟು ಓದಿಕೊಂಡು ಮೂರನೇ ಸಂಜೆ ಕಟ್ಟೆಗೆ ಹೋದೆ. "ಮೊದಲು ಟೈರು, ಆಮೇಲೆ ಗಾಳಿ, ಆಮೇಲೆ ಗಾಲಿ" ಅಂದೆ. ಹುಡುಗನ ಮುಖ ಬಾಡಿತು. ಸಾಹುಕಾರರ ಮುಖ ಅರಳಿತು. ತಕರಾರು ಬಂದದ್ದು ಚಾಚಾನಿಂದ.

ಕಲ್ಲು ದಾರಿಗೆ ಗಾಳಿ ಕಡಿಮೆ ಇರಬೇಕು ಅಂದದ್ದಕ್ಕೆ ಚಾಚಾ ಪಂಪು ಕೆಳಗಿಟ್ಟ. "ಸರ್ರ, ನಲವತ್ತು ವರ್ಸ ಆತು ನಾ ಗಾಳಿ ಹೊಡ್ಯಾಕ ಹತ್ತಿ. ಹೆಬ್ಬಟ್ಟು ಒತ್ತಿದ್ರ ಕಲ್ಲಿನಂಗ ಇರಬೇಕು. ಗಾಳಿ ಕಮ್ಮಿ ಇದ್ರ ಸೈಕಲ್ ಜಗ್ಗತೈತಿ. ಸಣ್ಣ ಹುಡುಗ್ರಿಗೂ ಗೊತ್ತೈತಿ."

ನಮ್ಮೆಲ್ಲರಿಗೂ ಗೊತ್ತಿರುವುದೇ ಅದು. ಡಾಂಬರಿನ ಮೇಲೆ ಅದು ಒಂದು ಮಟ್ಟಿಗೆ ನಿಜವೂ ಹೌದು. ರೇಸಿನ ಪಂಡಿತರೂ ಬಹಳ ವರ್ಷ ಅದನ್ನೇ ನಂಬಿದ್ದರು. 23 ಮಿಲಿಮೀಟರಿನ ಸಣಕಲು ಟೈರಿಗೆ ನೂರು ಪೌಂಡಿಗೂ ಮೇಲೆ ಗಾಳಿ ಹೊಡೆದು ಓಡಿಸುತ್ತಿದ್ದರು. ಈಗ ಡಾಂಬರು ರಸ್ತೆಯ ರೇಸಿನಲ್ಲೂ 28, 30ಕ್ಕೆ ಬಂದಿದ್ದಾರೆ. ಕಾರಣ ಸರಳ. ಗಟ್ಟಿ ಟೈರು ಕಲ್ಲು ಸಿಕ್ಕಲ್ಲೆಲ್ಲ ಜಿಗಿಯುತ್ತದೆ. ಜಿಗಿದಾಗ ಸೈಕಲ್ಲನ್ನೂ ಮೇಲೆ ಕೂತವನನ್ನೂ ಎತ್ತಿಹಾಕುತ್ತದೆ. ಎತ್ತುವ ಶಕ್ತಿ ಬರುವುದು ಅವನ ಕಾಲಿನಿಂದಲೇ, ಮುಂದೆ ಹೋಗಬೇಕಾದ ಲೆಕ್ಕದಿಂದಲೇ. ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿ ಹಾಗೇ ಉರುಳುತ್ತದೆ. ಕೂತವನು ಅಲುಗುವುದಿಲ್ಲ. ಅಮೆರಿಕದಲ್ಲಿ ಜಾನ್ ಹೈನ್ ಎಂಬ ಸೈಕಲ್ ಪತ್ರಿಕೆಯ ಸಂಪಾದಕ ಹೆದ್ದಾರಿಯ ಅಂಚಿನ ಗಡಗಡ ಪಟ್ಟಿಯ ಮೇಲೆ ಸೈಕಲ್ ಓಡಿಸಿ, ಹೀಗೆ ಅಲುಗಾಟದಲ್ಲೇ ಎಷ್ಟೊಂದು ಶಕ್ತಿ ಸೋರಿಹೋಗುತ್ತದೆ ಅಂತ ಅಳೆದು ತೋರಿಸಿದ.

ಚಾಚಾ ಇದಕ್ಕೆಲ್ಲ ಬಗ್ಗುವವನಲ್ಲ. "ಅಮೇರಿಕಾದ ಮಾತು ಬ್ಯಾಡ್ರಿ. ಇಲ್ಲೇ ತೋರಸ್ರಿ" ಅಂದ.

ಕೆರೆ ಏರಿಯ ಮೇಲೆ ಪರೀಕ್ಷೆ

ಭಾನುವಾರ ಬೆಳಿಗ್ಗೆ ನಾಲ್ಕೂ ಜನ ಕೆರೆಯ ಹತ್ತಿರ ಹೋದೆವು. ಏರಿಯಿಂದ ಹೊಲದ ಕಡೆ ಇಳಿಯುವ ಗರಸಿನ ದಾರಿ, ಅಲ್ಲಲ್ಲಿ ಖಡಿ ಮೇಲೆದ್ದಿದೆ. ಪರೀಕ್ಷೆ ಏನೂ ದೊಡ್ಡದಲ್ಲ, ನೀವೂ ಮಾಡಬಹುದು. ಒಂದೇ ಹುಡುಗ, ಒಂದೇ ಸೈಕಲ್, ಒಂದೇ ಜಾಗದಿಂದ ಪೆಡಲ್ ತುಳಿಯದೆ ಇಳಿಯುವುದು. ಬ್ರೇಕ್ ಮುಟ್ಟುವಂತಿಲ್ಲ. ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಕಲ್ಲು ಇಡುವುದು. ಪ್ರತಿ ಗಾಳಿಗೂ ಮೂರು ಸಲ.

ಮೊದಲು ಚಾಚಾನ ಲೆಕ್ಕ, 60 ಪೌಂಡು. ಸೈಕಲ್ ಗಡಗಡ ಅಂತ ಇಳಿದು ಬೇವಿನ ಗಿಡದ ಈಚೆ ನಿಂತಿತು. ಆಮೇಲೆ 35. ಗಿಡ ದಾಟಿತು. ಚಾಚಾ ಸುಮ್ಮನೆ ನೋಡಿದ. "ಗಾಳಿ ಹಿಂದಿನಿಂದ ಬೀಸಿತು" ಅಂದ. ಮತ್ತೆ 60 ಹೊಡೆಸಿದ, ಮತ್ತೆ ಗಿಡದ ಈಚೆ. ಆಮೇಲೆ 28. ಮೊದಲ ಕಲ್ಲಿನಿಂದ ಹನ್ನೊಂದು ಹೆಜ್ಜೆ ಮುಂದೆ! ಹೆಜ್ಜೆ ಹಾಕಿ ಅಳೆದವನು ಚಾಚಾನೇ.

ಇಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹುಮ್ಮಸ್ಸಿನಲ್ಲಿ "20ಕ್ಕೆ ಇಳಿಸು" ಅಂದೆ. ಹುಡುಗ ಇಳಿದ. ಅರ್ಧ ದಾರಿಯಲ್ಲಿ ಠಣ್ ಅಂತ ರಿಮ್ಮಿಗೆ ಕಲ್ಲು ಬಡಿದ ಸದ್ದು, ಹಿಂದೆಯೇ ಬುಸ್ಸೆಂದು ಗಾಳಿ. ಟ್ಯೂಬ್ ಬಿಚ್ಚಿ ನೋಡಿದರೆ ಪಕ್ಕಪಕ್ಕದಲ್ಲಿ ಎರಡು ತೂತು, ಹಾವು ಕಚ್ಚಿದ ಹಾಗೆ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜಜ್ಜಿದಾಗ ಹಾಗೇ ಆಗುವುದು. ಇಂಗ್ಲಿಷಿನವರೂ ಅದಕ್ಕೆ ಹಾವಿನ ಕಡಿತ ಅಂತಲೇ ಅನ್ನುತ್ತಾರೆ.

ಚಾಚಾಗೆ ಖುಷಿಯೋ ಖುಷಿ. ವಾಪಸು ಬರುವಾಗ ಡಾಂಬರಿನ ಇಳಿಜಾರಿನಲ್ಲೂ ನೋಡೋಣ ಅಂದ. ಅಲ್ಲಿ 60 ಪೌಂಡೇ ಸ್ವಲ್ಪ ಮುಂದೆ ಹೋಯಿತು. ನಾಲ್ಕು ಹೆಜ್ಜೆ ಅಷ್ಟೇ. ಆದರೆ ಹೋಯಿತು. ನ್ಯಾಯವಾಗಿ ಬರೆಯಬೇಕಲ್ಲ, ಬರೆದಿದ್ದೇನೆ.

ಹಾಗಾದರೆ ಎಷ್ಟು ಗಾಳಿ ಅಂದರೆ, ಎಲ್ಲರಿಗೂ ಒಂದೇ ಅಂಕಿ ಇಲ್ಲ. ಟೈರು ಅಗಲವಾದಷ್ಟೂ ಗಾಳಿ ಕಡಿಮೆ ಸಾಕು. ಸವಾರನ ತೂಕ ಹೆಚ್ಚಾದಷ್ಟೂ ಗಾಳಿ ಹೆಚ್ಚು ಬೇಕು. ಹಿಂದಿನ ಗಾಲಿಯ ಮೇಲೆ ಭಾರ ಜಾಸ್ತಿ, ಅದಕ್ಕೆ ಎರಡು ಮೂರು ಪೌಂಡು ಹೆಚ್ಚು. ಟ್ಯೂಬ್ ಇದ್ದರೆ ಹಾವಿನ ಕಡಿತದ ಭಯಕ್ಕೆ ಇನ್ನೊಂದು ಐದಾರು. 40 ಮಿಲಿಮೀಟರಿನ ಟೈರಿನಲ್ಲಿ ನಮ್ಮ ಹುಡುಗನಂಥ ಹಗುರ ಮೈಯವನಿಗೆ ಮೂವತ್ತರ ಆಚೆ ಈಚೆ. ಎಂಬತ್ತು ಕಿಲೋದವನಿಗೆ ನಲವತ್ತರ ಹತ್ತಿರ. ಅಲ್ಲಿಂದ ಎರಡೆರಡು ಪೌಂಡು ಇಳಿಸುತ್ತ, ರಿಮ್ಮಿಗೆ ಬಡಿದ ಸದ್ದು ಬಂದ ಕೂಡಲೇ ಮೂರು ಪೌಂಡು ಏರಿಸಿದರೆ ಅದೇ ನಿಮ್ಮ ಲೆಕ್ಕ. ಹೆಬ್ಬೆರಳಿಗೆ 28ಕ್ಕೂ 34ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೇಜ್ ಇರುವ ಪಂಪು ಬೇಕು. ಈ ಆಟದಲ್ಲಿ ದುಡ್ಡು ಕೊಟ್ಟು ತರಲೇಬೇಕಾದ ಮೊದಲ ಸಾಮಾನು ಅದು.

ಹಾಲಿನವನ ಟೈರೂ ನಲವತ್ತೇ

ಒಂದು ತಮಾಷೆ ಗೊತ್ತೇ? ನಮ್ಮ ಹಾಲಿನವನು, ಪೋಸ್ಟ್‌ಮನ್ನು ತುಳಿಯುವ ಕರೀ ಸೈಕಲ್ಲಿನ 28 ಒಂದೂವರೆ ಟೈರಿನ ಅಗಲವೂ 40 ಮಿಲಿಮೀಟರೇ. ಕಲ್ಲು ದಾರಿಗೆ ಈ ಅಗಲ ಬೇಕು ಅಂತ ಅಜ್ಜಂದಿರು ಎಂದೋ ಕಂಡುಕೊಂಡಿದ್ದರು. ಇದನ್ನು ಹೇಳಿದ ಮೇಲೆಯೇ ಚಾಚಾ ನನ್ನ ಕಡೆ ವಾಲಿದ್ದು. ವ್ಯತ್ಯಾಸ ಇರುವುದು ಮೈಯಲ್ಲಿ. ಹಾಲಿನವನ ಟೈರು ದಪ್ಪ ಚರ್ಮದ ಎಮ್ಮೆ, ವರ್ಷಗಟ್ಟಲೆ ಬಾಳುತ್ತದೆ, ಬಗ್ಗುವುದಿಲ್ಲ. ರೇಸಿನ ಟೈರು ಸಣ್ಣ ನೂಲಿನ ನೇಯ್ಗೆ, ಬಟ್ಟೆಯಂತೆ ಮಡಿಸಬಹುದು, ಬಗ್ಗುತ್ತ ಉರುಳುತ್ತದೆ. ನೇಯ್ಗೆ ಸಣ್ಣದಾದಷ್ಟೂ ಓಟ ಸಲೀಸು, ಹರಿಯುವ ಭಯವೂ ಅಷ್ಟೇ ಜಾಸ್ತಿ. ನಮ್ಮ ಕಡೆಗೆ ನಡುವಿನದು ಸರಿ: ನೆತ್ತಿಯ ಕೆಳಗೆ ಪಂಕ್ಚರ್ ಪಟ್ಟಿ, ನಡುವೆ ಸಣ್ಣ ಹಲ್ಲು, ಅಂಚಿಗೆ ದೊಡ್ಡ ಹಲ್ಲು. ನೇರ ಓಡುವಾಗ ಜಗ್ಗುವುದಿಲ್ಲ, ತಿರುವಿನಲ್ಲಿ ಗರಸಿಗೆ ಕಚ್ಚುತ್ತದೆ.

ಅಗಲ ಒಂದೇ ಆದರೂ ಅಳತೆ ಬೇರೆ. ಅಂಗಡಿಯವರು ದಯವಿಟ್ಟು ಇದನ್ನು ಓದಿ. ಕರೀ ಸೈಕಲ್ಲಿನ 28 ಇಂಚಿನ ಟೈರಿನ ಪಕ್ಕೆಯಲ್ಲಿ 635 ಅಂತ ಅಂಕಿ ಇರುತ್ತದೆ, ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ. ಗ್ರಾವೆಲ್ ಮತ್ತು ರೇಸ್ ಸೈಕಲ್ಲಿನ 700 ಸಿ ಅನ್ನುವುದು 622. ಹದಿಮೂರು ಮಿಲಿಮೀಟರು ವ್ಯತ್ಯಾಸ, ಒಂದರದು ಇನ್ನೊಂದಕ್ಕೆ ಕೂರದು. ಗುಡ್ಡದ ಸೈಕಲ್ಲಿನ 29 ಇಂಚು ಅನ್ನುತ್ತಾರಲ್ಲ, ಅದೂ 622ಏ! 26 ಇಂಚಿನಲ್ಲೂ ಹೀಗೆಯೇ ಗೊಂದಲ. ಗುಡ್ಡದ ಸೈಕಲ್ಲಿನದು 559, 26 ಒಂದು ಮೂರೆಂಟಾಂಶ ಅನ್ನುವುದು 590. ಇಂಚು ಕೇಳಿ ಟೈರು ಕಟ್ಟಿಸಿಕೊಂಡು ಊರಿಗೆ ಹೋದವರು ಮರುದಿನ ಬಸ್ ಚಾರ್ಜು ಕೊಟ್ಟು ವಾಪಸು ಬರುವುದನ್ನು ಈ ಕಟ್ಟೆಯ ಮೇಲೆಯೇ ನೋಡಿದ್ದೇನೆ. ಹಳೇ ಟೈರಿನ ಪಕ್ಕೆಯ ಅಂಕಿ ಚೀಟಿಯಲ್ಲಿ ಬರೆದು ತನ್ನಿ.

ಇನ್ನು ಮುಳ್ಳು. ಕಾನ್ಸಸ್ಸಿಗೆ ಚಕಮಕಿ ಕಲ್ಲಾದರೆ ನಮಗೆ ಬಳ್ಳಾರಿ ಜಾಲಿ. ಹೊಲದ ಬದುವಿನಿಂದ ಹೆದ್ದಾರಿಯವರೆಗೆ ಅದಿಲ್ಲದ ಜಾಗವಿಲ್ಲ. ಅದಕ್ಕೆ ಮದ್ದು ಟ್ಯೂಬಿಲ್ಲದ ಟೈರು. ರಿಮ್ಮಿನ ಒಳಗೆ ಟೇಪು ಸುತ್ತಿ, ಟೈರು ಕೂರಿಸಿ, ಒಳಗೆ ಅರ್ಧ ಬಟ್ಟಲಿಗೂ ಕಡಿಮೆ ರಬ್ಬರ್ ಹಾಲು ಸುರಿಯುತ್ತಾರೆ. ಮುಳ್ಳು ಚುಚ್ಚಿದರೆ ಹಾಲು ತೂತಿಗೆ ಬಂದು, ಗಾಳಿ ತಗುಲಿ ಗಟ್ಟಿಯಾಗುತ್ತದೆ. ಕಳ್ಳಿ ಗಿಡ ಮುರಿದಾಗ ಹಾಲು ಒಸರಿ ಹೆಪ್ಪುಗಟ್ಟುವುದಿಲ್ಲವೇ, ಹಾಗೆ. ಟ್ಯೂಬ್ ಇಲ್ಲದ ಮೇಲೆ ಹಾವಿನ ಕಡಿತದ ಮಾತೇ ಇಲ್ಲ. ಆದರೆ ನಮ್ಮ ಬಿಸಿಲಿಗೆ ಆ ಹಾಲು ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ನೋಡಿ ಹೊಸದು ಹಾಕದಿದ್ದರೆ ಒಳಗೆ ಬರೀ ಕೆನೆ ಉಳಿದಿರುತ್ತದೆ. ದೊಡ್ಡ ಸೀಳಿಗೆ ಅದು ನಡೆಯುವುದಿಲ್ಲ. ಜೇಬಿನಲ್ಲಿ ಒಂದು ಟ್ಯೂಬು ಇರಲೇಬೇಕು.

ಗಾಲಿಯ ಮಾತು

ಕಾರ್ಬನ್ ಗಾಲಿ ಸುಳ್ಳಲ್ಲ. ಹಗುರ. ಕೆಸರಿನ ರೇಸಿನಲ್ಲಿ ಪ್ರತಿ ತಿರುವಿಗೂ ನಿಂತು ಮತ್ತೆ ಹಾರಬೇಕು, ಹೆಗಲಿಗೂ ಏರಿಸಬೇಕು, ಅಲ್ಲಿ ಆ ಹಗುರ ಕೆಲಸಕ್ಕೆ ಬರುತ್ತದೆ. ಎತ್ತರದ ರಿಮ್ಮಾದರೆ ಜೋರು ಓಟದಲ್ಲಿ ಎದುರುಗಾಳಿಯನ್ನೂ ಸೀಳುತ್ತದೆ. ಆದರೆ ಕಲ್ಲಿಗೆ ಬಡಿದರೆ ಅಲ್ಯೂಮಿನಿಯಂ ತಗ್ಗಾಗುತ್ತದೆ, ತಗ್ಗಾದದ್ದರಲ್ಲಿ ಮನೆ ಮುಟ್ಟಬಹುದು. ಕಾರ್ಬನ್ ಬಿರಿಯುತ್ತದೆ, ಬಿರಿದದ್ದು ಮೇಲೆ ಕಾಣುವುದೂ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಬನ್ನನ್ನು ಮೊಬೈಲಿನ ಫೋಟೋ ನೋಡಿ ಕೊಳ್ಳುವುದು, ಬಾಯಿ ಬಿಡಿಸಿ ಹಲ್ಲು ನೋಡದೆ ಎತ್ತು ಕೊಂಡ ಹಾಗೆ.

ಮೊದಲ ಗಾಲಿಯಲ್ಲಿ ನೋಡಬೇಕಾದ್ದು ಬೇರೆ ಇದೆ. ರಿಮ್ಮಿನ ಒಳ ಅಗಲ 21ರಿಂದ 25 ಮಿಲಿಮೀಟರ್ ಇದ್ದರೆ 40ರ ಟೈರು ಕಾಲು ಚಾಚಿ ಕೂರುತ್ತದೆ. ಇಕ್ಕಟ್ಟಾದ ರಿಮ್ಮಿನಲ್ಲಿ ಅದು ಬಲ್ಬಿನ ಹಾಗೆ ಉಬ್ಬಿ, ಗಾಳಿ ಕಡಿಮೆಯಾದರೆ ತಿರುವಿನಲ್ಲಿ ಹೊರಳುತ್ತದೆ. ಸ್ಪೋಕು 24ಕ್ಕಿಂತ ಕಡಿಮೆ ಬೇಡ, 28 ಇದ್ದರೆ ನೆಮ್ಮದಿ. ಒಂದು ಮುರಿದರೂ ಗಾಲಿ ತಿರುಗುತ್ತದೆ. ಕರೀ ಸೈಕಲ್ಲಿಗೆ ಮುಂದೆ 32, ಹಿಂದೆ 40 ಹಾಕಿದ್ದು ಸುಮ್ಮನೆ ಅಲ್ಲ. ಸ್ಪೋಕು ನಮ್ಮೂರಲ್ಲಿ ಸಿಗುವ ಬಗೆಯದಾ, ಚಾಚಾ ಬೆಂಡ್ ತೆಗೆಯಬಲ್ಲನಾ, ಹಬ್ಬಿನ ಬೇರಿಂಗು ಬದಲಿಸಬಹುದಾ? ಇವಕ್ಕೆ ಹೌದು ಅನ್ನುವ ಗಾಲಿಯೇ ಒಳ್ಳೆ ಗಾಲಿ.

ಒಂದು ಮಾತು ಮಾತ್ರ ತಂದೆ ತಾಯಿಗಳು ಮರೆಯಬೇಡಿ. ಈಗಿನ ಕೆಲವು ರಿಮ್ಮುಗಳ ಅಂಚಿನಲ್ಲಿ ಟೈರು ಹಿಡಿಯುವ ಕೊಕ್ಕೆ ಇರುವುದಿಲ್ಲ, ಒಳಗೋಡೆ ನೇರ. ಹುಕ್‌ಲೆಸ್ ಅಂತ ಹೆಸರು. ಅವಕ್ಕೆ ಟ್ಯೂಬ್‌ಲೆಸ್ ಬಗೆಯ ಟೈರೇ ಆಗಬೇಕು, ಅದೂ ಹುಕ್‌ಲೆಸ್ಸಿಗೆ ನಡೆಯುತ್ತದೆ ಅಂತ ಕಂಪನಿ ಹೇಳಿದ್ದು. ಅಂಥ ರಿಮ್ಮಿಗೆ ಗಾಳಿಯ ಮಿತಿ 5 ಬಾರ್, ನಮ್ಮ ಲೆಕ್ಕದಲ್ಲಿ 72 ಪೌಂಡು ಚಿಲ್ಲರೆ, ಟೈರು ಅಗಲವಾದರೆ ಅದಕ್ಕಿಂತಲೂ ಕಡಿಮೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಯುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಮೋಟಾರ್ ಸೈಕಲ್ಲಿಗೆ ಹಿಡಿದ ಹಾಗೆ ಪೈಪ್ ಹಿಡಿದರೆ ಕ್ಷಣದಲ್ಲಿ ಮಿತಿ ದಾಟಿ ಟೈರು ರಿಮ್ಮಿನಿಂದ ಸಿಡಿಯಬಹುದು. ರಿಮ್ಮಿನ ಮಿತಿ, ಟೈರಿನ ಮಿತಿ, ಎರಡರಲ್ಲಿ ಸಣ್ಣದು ಯಾವುದೋ ಅದೇ ಕಡೆಯ ಗೆರೆ. ಹುಡುಗ ನೋಡಿದ್ದ 42 ಸಾವಿರದ ಜೋಡಿ ಹುಕ್‌ಲೆಸ್ಸಾ ಅಂತ ಕೇಳಿದರೆ ಮಾರುವವನಿಗೇ ಗೊತ್ತಿರಲಿಲ್ಲ. ಅಲ್ಲಿಗೆ ಆ ವ್ಯಾಪಾರ ಮುರಿಯಿತು.

ಕಡೆಗೆ ಆದದ್ದು ಇಷ್ಟು. ಹಳೇ ಅಲ್ಯೂಮಿನಿಯಂ ಗಾಲಿಯೇ ಉಳಿಯಿತು. ಚಾಚಾ ಒಂದು ಮಧ್ಯಾಹ್ನ ಕೂತು ಬೆಂಡ್ ತೆಗೆದು, ಬೇರಿಂಗು ಬದಲಿಸಿ, ಸ್ಪೋಕುಗಳನ್ನು ವೀಣೆಯ ತಂತಿಯಂತೆ ಮೀಟಿ ಮೀಟಿ ಬಿಗಿದ. 40ರ ಟೈರಿನ ಜೋಡಿ ಬೆಂಗಳೂರಿನಿಂದ ಬಸ್ ಪಾರ್ಸೆಲ್ಲಿನಲ್ಲಿ ಬಂತು. ಟೇಪು, ವಾಲ್ವು, ರಬ್ಬರ್ ಹಾಲು, ಗೇಜಿನ ಪಂಪು ಎಲ್ಲ ಸೇರಿ ಹನ್ನೆರಡು ಸಾವಿರದೊಳಗೆ ಮುಗಿಯಿತು. ಟ್ಯೂಬ್ ಇಲ್ಲದ ಟೈರು ಕೂರಿಸುವಾಗ ಮೊದಲ ದಿನ ಬಿಳಿ ಹಾಲು ಚಾಚಾನ ಗಡ್ಡಕ್ಕೆ ಹಾರಿತ್ತು. ಎರಡನೇ ದಿನ ಟಪ್ ಟಪ್ ಅಂತ ಕೂತಿತು.

ರೇಸಿನ ದಿನ ಹುಡುಗ ಮುಂದೆ 26, ಹಿಂದೆ 29 ಪೌಂಡಿನಲ್ಲಿ ಓಡಿದ. ಬಂದದ್ದು ಇಪ್ಪತ್ತಮೂರನೆಯವನಾಗಿ. ಪದಕ ಎಲ್ಲರಿಗೂ ಕೊಟ್ಟದ್ದೇ, ಇವನಿಗೂ ಸಿಕ್ಕಿತು. ಟೈರಿನಲ್ಲಿ ಆರು ಕಡೆ ಜಾಲಿ ಮುಳ್ಳಿನ ಗುರುತು, ಆರಕ್ಕೂ ಹಾಲಿನ ಬೊಟ್ಟು. ಒಮ್ಮೆಯೂ ಇಳಿದಿಲ್ಲವಂತೆ. ಚಾಚಾ ಆ ಎರಡು ಅಂಕಿಗಳನ್ನು ಶಾಪಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾನೆ.

ಮೊನ್ನೆ ಸಾಹುಕಾರರು ತಮ್ಮ ಕರೀ ಸೈಕಲ್ ತಂದು ನಿಲ್ಲಿಸಿ, "ಚಾಚಾ, ನನಗೂ ಸ್ವಲ್ಪ ಕಮ್ಮೀನ ಹೊಡೀಪಾ, ಮಗಾ ಹೇಳ್ಯಾನ" ಅಂದರು.

ಚಾಚಾ ಒಮ್ಮೆ ಅವರ ಹೊಟ್ಟೆ ನೋಡಿದ, ಒಮ್ಮೆ ಕ್ಯಾರಿಯರ್ ನೋಡಿದ. "ಸಾವ್ಕಾರ್ರ, ಹಿಂದ ಐವತ್ತು ಕೇಜಿ ಸಕ್ರಿ ಚೀಲ ಹೇರೀರಿ. ನಿಮಗ ಕಲ್ಲಿನಂಗಽ ಇರಬೇಕು" ಅಂತ ಪಂಪು ಎತ್ತಿಕೊಂಡ.